ಜೂಲು ನೂಲಿಗೆ ಕತ್ತರಿ ಹಾಕಿದವನ ನಾಲ್ಕು ಮಾತು

ಮಾನ್ಯ ಅಧ್ಯಕ್ಷರೇ, ಅವರ ಪಕ್ಕದಲ್ಲಿ ಆಸೀನರಾಗಿರುವ ಮುಖ್ಯ ಅತಿಥಿಗಳೇ, ಕ್ರೋಶಾ ಬಳಗದ ಪದಾಧಿಕಾರಿಗಳೇ, ಮತ್ತು ನನ್ನ ಮಾತಿಗೆ ಕಿವಿಯನ್ನೂ ಮಡಿಲಿನ ಹೆಣಿಗೆಗೆ ಕಣ್ಣನ್ನೂ ಕೊಟ್ಟು ಕುಳಿತಿರುವ ಎಲ್ಲ ಸಭಿಕರೇ,

ಮೊದಲಿಗೆ ಒಂದು ಸಣ್ಣ ಬಿನ್ನಹ. ಆ ಹಿಂದಿನ ಬಾಗಿಲನ್ನು ಯಾರಾದರೂ ಸ್ವಲ್ಪ ತೆರೆದಿಡುತ್ತೀರಾ? ಇನ್ನೂ ಸ್ವಲ್ಪ. ಸಾಕು, ಸಾಕು. ಯಾಕೆ ಅಂತ ಕೇಳಬೇಡಿ. ಸೆಕೆ ಅಂದುಕೊಳ್ಳಿ.

ಇಷ್ಟು ಹೆಂಗಸರ ಎದುರು, ಅದೂ ಇಷ್ಟು ಜನರ ಕೈಯಲ್ಲಿ ಚೂಪಾದ ಕಡ್ಡಿ ಇರುವಾಗ, ಮೈಕು ಹಿಡಿದು ನಿಲ್ಲುವ ಧೈರ್ಯ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ವೃತ್ತಿಯಿಂದ ನಾನು ಕ್ಷೌರಿಕ. ಈ ಸಭಾಂಗಣದ ಮೆಟ್ಟಿಲಿಳಿದು ಎಡಕ್ಕೆ ತಿರುಗಿದರೆ ಔಷಧಿ ಅಂಗಡಿಯ ಪಕ್ಕ ಎರಡು ಕುರ್ಚಿಯ ಸಲೂನ್ ಇದೆಯಲ್ಲ, ಅದು ನನ್ನದು. ಇಲ್ಲಿರುವ ಬಹಳ ಜನರ ಗಂಡಂದಿರ ತಲೆ ನನ್ನ ಕೈಯಲ್ಲಿದೆ. ಆ ತಲೆಗಳ ಒಳಗಡೆ ಏನಿದೆ ಎಂದು ನಿಮಗೆ ಗೊತ್ತು, ಹೊರಗಡೆ ಎಷ್ಟು ಉಳಿದಿದೆ ಎಂದು ನನಗೆ ಗೊತ್ತು. ಅಂಗಡಿಯಲ್ಲಿ ನನ್ನನ್ನು ಎಲ್ಲರೂ 'ಮಾಸ್ಟ್ರೇ' ಅನ್ನುತ್ತಾರೆ. ಈ ಮೆಟ್ಟಿಲು ಹತ್ತಿದ ಕೂಡಲೇ ನಾನು ಬರೀ 'ದೊಡ್ಡಕ್ಕನ ಮನೆಯವರು'. ಬೇಜಾರಿಲ್ಲ. ಹಾಗನ್ನಿಸಿಕೊಳ್ಳಲಿಕ್ಕೂ ಯೋಗ್ಯತೆ ಬೇಕು.

ಅಧ್ಯಕ್ಷರು ಈಗಷ್ಟೇ ನನ್ನ ಬಗ್ಗೆ ಆಡಿದ ಮಾತು ಕೇಳಿ ಯಾರೋ ಬಹಳ ಒಳ್ಳೆಯ ಮನುಷ್ಯನ ಪರಿಚಯವಾದಂತಾಯಿತು. "ಹೆಂಡತಿಯ ಬಲಗೈ ಸೋತಾಗ, ಆಕೆಯ ಮನಸ್ಸನ್ನು ಎಬ್ಬಿಸಲಿಕ್ಕಾಗಿ ಈ ಮಹಾನುಭಾವರು ಬೇಕೆಂದೇ ತಪ್ಪುತಪ್ಪಾಗಿ ಹೆಣೆದರು. ಆ ತಪ್ಪನ್ನು ನೋಡಲಾರದೆ ದೊಡ್ಡಕ್ಕ ಮತ್ತೆ ಕಡ್ಡಿ ಹಿಡಿದರು. ಎಂಥ ಪ್ರೀತಿ! ಎಂಥ ಉಪಾಯ!" ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿಬಿಟ್ಟೆ. ಆ ಮಹಾನುಭಾವ ನಾನೇ ಎಂದು ಆಮೇಲೆ ತಿಳಿಯಿತು.

ಸಭಿಕರೇ, ಈ ಹೊಗಳಿಕೆಯನ್ನು ಜೇಬಿಗಿಳಿಸಿಕೊಂಡು ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ಮನೆಯಲ್ಲಿ ಇರುವವಳಿಗೆ ಸತ್ಯ ಗೊತ್ತು. ಹಾಗಾಗಿ ಹೇಳಿಯೇಬಿಡುತ್ತೇನೆ. ನಾನು ಬೇಕೆಂದು ಒಂದು ತಪ್ಪನ್ನೂ ಮಾಡಲಿಲ್ಲ. ಪ್ರಾಣ ಒತ್ತೆಯಿಟ್ಟು ಸರಿಯಾಗಿ ಹೆಣೆಯಲು ಹೆಣಗಾಡಿದೆ. ನನಗೆ ಬರುತ್ತಿದ್ದುದೇ ಅಷ್ಟು.

ಮುಖ್ಯ ಅತಿಥಿಗಳಿಗೆ ಈ ಬಳಗದ ಒಂದು ಪದ್ಧತಿ ಗೊತ್ತಿರಲಾರದು. ಆ ಬಾಗಿಲ ಪಕ್ಕದಲ್ಲಿ ಬೆತ್ತದ ಬುಟ್ಟಿಯೊಂದಿದೆ, ನೋಡಿ. ಅದಕ್ಕೆ 'ಕೈಚೆಲ್ಲಿದ ಬುಟ್ಟಿ' ಎಂದು ಹೆಸರು. ಬಳಗದಲ್ಲಿ ಯಾರಿಗೇ ಆಗಲಿ, ಒಂದು ನೂಲು ಹಣ್ಣುಗಾಯಿ ನೀರುಗಾಯಿ ಮಾಡಿತು ಅಂದರೆ ಸುಮ್ಮನೆ ತಂದು ಅದರೊಳಗೆ ಹಾಕಿ ಹೋಗುವುದು. ಯಾರು ಹಾಕಿದರು ಅಂತ ಕೇಳುವ ಹಾಗಿಲ್ಲ, ಯಾಕೆ ಅಂತ ನಗುವ ಹಾಗಿಲ್ಲ. ಪ್ರತಿ ವರ್ಷ ನನ್ನ ಹೆಂಡತಿ, ಅಂದರೆ ನಿಮಗೆಲ್ಲ ಹೆಣಿಗೆ ಕಲಿಸಿದ ದೊಡ್ಡಕ್ಕ, ಅದರಿಂದ ಅತಿ ಮೊಂಡು ನೂಲನ್ನೇ ಆರಿಸಿ ಏನಾದರೊಂದು ಹೆಣೆದು ತರುತ್ತಾಳೆ. ಕೊನೆಯ ಸಾಲೊಂದನ್ನು ಮಾತ್ರ ಉಳಿಸಿಕೊಂಡು ಬಂದು, ವಾರ್ಷಿಕೋತ್ಸವದ ದಿನ ಈ ವೇದಿಕೆಯ ಮೇಲೆ ಎಲ್ಲರೆದುರು ಹಾಕಿ, ನೂಲು ಕತ್ತರಿಸುತ್ತಾಳೆ. ಎಳೆ ಎಳೆಯಾಗಿ ಸೀಳಿಕೊಳ್ಳುವ ನೂಲಿನಲ್ಲಿ ಒಂದು ವರ್ಷ ಚೀಲ ಮಾಡಿದಳು. ಒಂದು ಕಡೆ ಹುರಿಹಗ್ಗದಷ್ಟು ದಪ್ಪ, ಇನ್ನೊಂದು ಕಡೆ ಹೊಲಿಗೆ ದಾರದಷ್ಟು ಸಣ್ಣ ಇದ್ದ ನೂಲಿನಲ್ಲಿ ಇನ್ನೊಂದು ವರ್ಷ ಮಗುವಿನ ಟೋಪಿ ಮಾಡಿದಳು. ನೀವು ಕೈಬಿಟ್ಟದ್ದನ್ನು ಅವಳು ಎತ್ತಿಕೊಳ್ಳುತ್ತಿದ್ದಳು. ಈ ಬಳಗ ಅಂದರೆ ಅವಳಿಗೆ ಅದೇ ಆಗಿತ್ತು.

ಈ ವರ್ಷ ಅವಳ ಕೈಗೆ ಸಿಕ್ಕಿದ್ದು ಜೂಲು ನೂಲು. ಅದನ್ನು ಬುಟ್ಟಿಗೆ ಎಸೆದವರು ಇಲ್ಲೇ ಎಲ್ಲೋ ಇದ್ದೀರಿ. ಇರಲಿ, ತಲೆ ತಗ್ಗಿಸಬೇಡಿ, ಕೇಳುವ ಹಾಗಿಲ್ಲವಲ್ಲ. ಕಾಡಿಗೆಯಂಥ ಕಪ್ಪು. ನಡುವೆ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ದಾರ, ಸುತ್ತ ಮೈತುಂಬ ರೋಮ. ಹೆಣೆದರೆ ಕುಣಿಕೆ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಬಿಚ್ಚಲು ಹೋದರೆ ರೋಮಕ್ಕೆ ರೋಮ ತೊಡರಿಕೊಂಡು ಜಪ್ಪಯ್ಯ ಅಂದರೂ ಬರುವುದಿಲ್ಲ. ಅವಳು ಅದನ್ನು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ತಡವಿ ತಡವಿ ಹೆಣೆಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, "ಏನೇ, ನಿದ್ದೆ ಮಾಡ್ತಿದೀಯಾ?" ಅಂತ ಕೇಳಿ ಬೈಸಿಕೊಳ್ಳುತ್ತಿದ್ದೆ. ಮೊಳ ಅಗಲದ ಶಾಲು, ಗೆರೆ ಎಳೆದ ಹಾಗೆ ನೇರ ಅಂಚು, ಅರ್ಧದವರೆಗೂ ಬಂತು.

ಆಮೇಲೆ ಒಂದು ದಿನ ಅಟ್ಟದ ಮೇಲಿನ ಡಬ್ಬಿ ತೆಗೆಯಲು ಹೋಗಿ ಸ್ಟೂಲಿನಿಂದ ಜಾರಿದಳು. ಬಲಗೈ ಊರಿಕೊಂಡು ಬಿದ್ದಳು. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು, ತೆಗೆದರು. ಮೂಳೆ ಕೂಡಿತು, ಬೆರಳು ಮಾತ್ರ ಕೂಡಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ಠೂ ಬಿಟ್ಟ ಹಾಗೆ ದೂರ ದೂರ. ಕಡ್ಡಿ ಹಿಡಿದರೆ ಜಾರಿ ನೆಲಕ್ಕೆ ಬೀಳುತ್ತಿತ್ತು. ಬಿದ್ದದ್ದನ್ನು ನಾನು ಎತ್ತಿಕೊಡುತ್ತಿದ್ದೆ. ಒಂದು ದಿನ, "ಎತ್ತಬೇಡಿ, ಅಲ್ಲೇ ಇರ್ಲಿ" ಅಂದಳು.

ನೀವೆಲ್ಲ ನೋಡಲು ಬಂದಿರಿ, ಹಣ್ಣು ತಂದಿರಿ, ಪ್ರೀತಿಯಿಂದ ಮಾತಾಡಿಸಿದಿರಿ. ನೀವು ಹೋದಮೇಲೆ ಅವಳು, "ಎಲ್ಲರ ಕಣ್ಣೂ ನನ್ನ ಮುಖದ ಮೇಲಿರಲಿಲ್ಲ ರೀ, ಕೈ ಮೇಲಿತ್ತು" ಅಂದಳು. ಆಮೇಲೆ ಬಳಗದ ಸುದ್ದಿ ಎತ್ತಲಿಲ್ಲ. ಏನು ಕೇಳಿದರೂ 'ಹೂಂ', ಇಲ್ಲವೇ 'ಬೇಡ'. ಯೋಚಿಸಿ ನೋಡಿ, ನನ್ನಂಥ ಬಾಯಿಬಡುಕನಿಗೆ ಮನೆಯಲ್ಲಿ ಎರಡೇ ಮಾತಿನ ಉತ್ತರ! ನಾನು ಕೇಳುತ್ತಿದ್ದ ಪ್ರಶ್ನೆಗಳಿಗೆ ನಾನೇ ಉತ್ತರ ಹೇಳಿಕೊಂಡು, ನಾನೇ ನಕ್ಕು, ಕೊನೆಗೆ ನನಗೇ ನನ್ನ ಸಹವಾಸ ಸಾಕಾಗಿಹೋಯಿತು.

ಈ ಸಭಾಂಗಣದ ಬೀಗದ ಕೈ ಅವಳ ಹತ್ತಿರವಿತ್ತು. "ಕೊಟ್ಟುಬನ್ನಿ, ಇನ್ನು ನನಗ್ಯಾಕೆ?" ಅಂದಳು. ತಂದು ಕೊಟ್ಟೆ. ಹೊರಡುವಾಗ ಬಾಗಿಲ ಪಕ್ಕದ ಬುಟ್ಟಿಯ ಮೇಲೆ ಕಣ್ಣು ಬಿತ್ತು. ಅದರೊಳಗೆ ಆ ಕಪ್ಪು ಶಾಲಿನ ಅರ್ಧ. ಮಡಿಸಿ, ಕಡ್ಡಿಯನ್ನೂ ಅದಕ್ಕೇ ಚುಚ್ಚಿ ಇಟ್ಟಿದ್ದಳು. ಯಾರೂ ಇಲ್ಲದ ಹೊತ್ತು ನೋಡಿ ಬಂದು, ತಾನೇ ಇಟ್ಟು ಹೋಗಿದ್ದಳು. ಎಲ್ಲರೂ ಕೈಚೆಲ್ಲಿದ್ದನ್ನು ಎತ್ತಿಕೊಳ್ಳುತ್ತಿದ್ದವಳು ತಾನೂ ಕೈಚೆಲ್ಲಿದ್ದಳು. ನನಗೆ ಅಳು ಬಂತು ಸಭಿಕರೇ. ಇದೇ ಬಾಗಿಲ ಹತ್ತಿರ, ಕನ್ನಡಕ ಒರೆಸಿಕೊಳ್ಳುವ ನೆವ ಮಾಡಿಕೊಂಡು, ಚೆನ್ನಾಗಿ ಅತ್ತೆ. ಆಮೇಲೆ ಶಾಲನ್ನು ಅಂಗಿಯೊಳಗೆ ತುರುಕಿಕೊಂಡು ಮೆಟ್ಟಿಲಿಳಿದೆ. ಎದುರಿಗೆ ಬಂದವರೊಬ್ಬರು, "ಏನು ಮಾಸ್ಟ್ರೇ, ಇದ್ದಕ್ಕಿದ್ದ ಹಾಗೆ ಹೊಟ್ಟೆ ಬಂದಿದೆ?" ಅಂದರು.

ನಾನೇ ಮುಗಿಸುತ್ತೇನೆ ಅಂದುಕೊಂಡೆ. ಯಾಕೆ ಮುಗಿಸಬಾರದು? ಜೀವನವಿಡೀ ಕೂದಲಿನ ನಡುವೆಯೇ ಇದ್ದವನು ನಾನು. ಇದೂ ಕೂದಲೇ ತಾನೆ? ಇಂಥ ಅಹಂಕಾರ ಈ ಬಳಗದ ಯಾರಿಗೂ ಬಾರದಿರಲಿ. ಮೊಬೈಲಿನಲ್ಲಿ ಒಬ್ಬ ಹುಡುಗಿ ಹೆಣೆಯುವುದನ್ನು ನಗುನಗುತ್ತ ಕಲಿಸುತ್ತಾಳೆ. ಅವಳ ನೂಲು ಬಿಳಿ, ನುಣುಪು, ಬೆರಳುಗಾತ್ರ. ಅವಳು ತೋರಿಸಿದ ಕುಣಿಕೆಯನ್ನು ನಾನು ನನ್ನ ಜೂಲಿನೊಳಗೆ ಹುಡುಕುತ್ತಿದ್ದೆ. ಸಿಕ್ಕಿದ್ದೇ ಕುಣಿಕೆ ಅಂದುಕೊಂಡು ಕಡ್ಡಿ ಚುಚ್ಚುತ್ತಿದ್ದೆ.

ಅವಳನ್ನು ಮನೆಯಲ್ಲಿ ಒಬ್ಬಳನ್ನೇ ಗೋಡೆ ನೋಡಿಕೊಂಡಿರಲು ಬಿಡುವ ಮನಸ್ಸಾಗದೆ ದಿನಾ ಸಲೂನಿಗೆ ಕರೆತಂದು ಎರಡನೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಆ ಕುರ್ಚಿಯನ್ನು ಬಲ್ಲವರು ಬಲ್ಲಿರಿ. ಮೇಲೆತ್ತಿ ಕೂರಿಸಿದರೆ ತಾನಾಗಿಯೇ ಮೆಲ್ಲಗೆ ಕೆಳಗಿಳಿಯುತ್ತದೆ. ಅವಳು ಕೂರುವುದು, ಇಳಿಯುವುದು, ನಾನು ಮತ್ತೆ ಎತ್ತುವುದು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ಜೂಲು ಹಿಡಿದು ಕೂರುತ್ತಿದ್ದೆ. ಅವಳು ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತಿರುಗಿಸುತ್ತಿದ್ದಳು. ಎಲ್ಲಿಂದ ತಂದಿರಿ ಅಂತ ಕೂಡ ಕೇಳಲಿಲ್ಲ.

ದಿನ ಕಳೆದ ಹಾಗೆ ಶಾಲು ಸಣ್ಣದಾಗುತ್ತ ಬಂತು. ಉದ್ದ ಬೆಳೆಯುತ್ತಿದೆ, ಅಗಲ ಕರಗುತ್ತಿದೆ. ಎರಡೂ ಪಕ್ಕದಿಂದ ಅಂಚು ಒಳಗೆ ಸರಿಯುತ್ತಿದೆ. ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹೌದು, ನಡುವಯಸ್ಸಿನ ಗಿರಾಕಿಗಳ ಹಣೆಯ ಮೇಲೆ! ಅಲ್ಲಿ ನಾನು ಏನು ಹೇಳುತ್ತೇನೆ? "ಏನೂ ಆಗಿಲ್ಲ ಸಾರ್, ಸ್ವಲ್ಪ ಅಂಚು ಟ್ರಿಮ್ ಮಾಡಿದರೆ ಸರಿಹೋಗುತ್ತೆ" ಅನ್ನುತ್ತೇನೆ. ಕೈ ತನ್ನಷ್ಟಕ್ಕೆ ತಾನೇ ಕತ್ತರಿಗೆ ಹೋಯಿತು. ಎಡಗೈಯಲ್ಲಿ ಬಾಚಣಿಗೆ, ಬಲಗೈಯಲ್ಲಿ ಕತ್ತರಿ. ಅಂಚಿನ ಜೂಲನ್ನು ಬಾಚಿ ಎತ್ತಿ, ಚಕ್ ಚಕ್ ಚಕ್ ಎಂದು ಸಮ ಮಾಡುತ್ತ ಹೋದೆ. ನನ್ನ ಭಾಗ ಮುಗಿಯಿತು. ಕೈ ನಿಲ್ಲಲಿಲ್ಲ, ಅವಳ ಭಾಗಕ್ಕೂ ಹೋಯಿತು. ಚಕ್. ಅಲ್ಲೊಂದು ತೂತು ಬಾಯಿ ತೆರೆಯಿತು.

"ರೀ! ಅದೇನು ಗಿರಾಕಿ ತಲೆನಾ?"

ಸಲೂನಿನಲ್ಲಿ ಬೇರೆ ಯಾರೂ ಇರಲಿಲ್ಲ. ಸಭಿಕರೇ, ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ತುಂಬು ಮಾತು ಅದು. ನನಗೆ ಸಂತೋಷಪಡಬೇಕೋ ಓಡಿಹೋಗಬೇಕೋ ತಿಳಿಯಲಿಲ್ಲ. ಆಮೇಲೆ ಅವಳು ನಿಲ್ಲಿಸಲೇ ಇಲ್ಲ.

"ಪ್ರತಿ ಸಾಲಲ್ಲೂ ಕೊನೇ ಕುಣಿಕೆ ಬಿಡ್ತಾ ಬಂದಿದೀರ. ತಿರುಗಿಸೋ ಮೊದಲು ಹೆಬ್ಬೆರಳಲ್ಲಿ ಮುಟ್ಟಿ ನೋಡ್ಬೇಕು. ಕೊನೇದು ಜೂಲಿನೊಳಗೆ ಅಡಗಿರುತ್ತೆ. ಕಣ್ಣಿಗೆ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ!"

"ಇಷ್ಟು ದಿನ ನೋಡ್ಕೊಂಡು ಸುಮ್ನಿದ್ಯಾ?" ಎಂದೆ.

"ನೋಡೋಕೂ ಆಗ್ತಿರಲಿಲ್ಲ, ಬಿಡೋಕೂ ಆಗ್ತಿರಲಿಲ್ಲ."

ಬಿಚ್ಚಿ ಅಂದಳು. ಎಳೆದೆ. ಬರಲಿಲ್ಲ. ಬಾಚಣಿಗೆ ಹಾಕಿದೆ. ಮೊದಲು ಗಂಟಾಗಿದ್ದದ್ದು ಈಗ ಜಟೆಯಾಯಿತು. "ಫ್ರಿಜ್ಜಲ್ಲಿಡಿ" ಅಂದಳು. ಪಾಪ, ನನ್ನ ದೆಸೆಯಿಂದ ಇವಳಿಗೆ ತಲೆ ಕೆಟ್ಟಿತು ಅಂದುಕೊಂಡೆ. ನಿಮಗೆಲ್ಲ ಗೊತ್ತಿರಬಹುದು, ನನಗೇನು ಗೊತ್ತು? ತಣ್ಣಗಾದರೆ ರೋಮದ ಹಿಡಿತ ಸಡಿಲವಾಗುತ್ತದಂತೆ. ಮನೆಗೆ ಒಯ್ದು ಐಸಿನ ಖಾನೆಯಲ್ಲಿಟ್ಟೆ. ಸಂಜೆ ಮಗಳು ಬಂದು ಐಸಿಗೆ ಕೈ ಹಾಕಿ, "ಅಪ್ಪಾ! ಒಳಗೇನೋ ಸತ್ತಿದೆ!" ಎಂದು ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು. ನನ್ನ ಹೆಂಡತಿ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಆ ನಗು ನನ್ನ ಜಾಣತನದಿಂದ ಬಂದದ್ದಲ್ಲ ಎಂಬುದನ್ನು ಅಧ್ಯಕ್ಷರು ದಯವಿಟ್ಟು ಗಮನಿಸಬೇಕು.

ಜಟೆ ಬಿಚ್ಚಿತು. ಆದರೆ ಅದಕ್ಕಿಂತ ಹಿಂದಕ್ಕೆ ಬಿಚ್ಚುವುದು ಬೇಡ ಅಂದಳು. "ಆಗಿದ್ದು ಆಯ್ತು. ಇನ್ನೂ ಎಳೆದ್ರೆ ನೂಲೇ ತುಂಡಾಗುತ್ತೆ. ಇಲ್ಲಿಂದ ಒಂದೊಂದೇ ಕುಣಿಕೆ ಹೆಚ್ಚಿಸ್ಕೊಂಡು ಹೋಗಿ, ಅಗಲ ಬರುತ್ತೆ." ಹೇಳಿದಳು, ಆದರೆ ಹೇಳಿಕೊಡುವುದು ಹೇಗೆ? ಪಕ್ಕದಲ್ಲಿ ಕೂತರೆ ನನ್ನ ಕೈ ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಅವಳ ಕುರ್ಚಿ ಗೋಡೆಯ ಕನ್ನಡಿಗೆ ಮುಖ ಮಾಡಿತ್ತಲ್ಲ, ನಾನು ಕನ್ನಡಿಗೂ ಅವಳಿಗೂ ನಡುವೆ ಸ್ಟೂಲು ಎಳೆದುಕೊಂಡು, ಅವಳಿಗೆದುರಾಗಿ ಕುಳಿತೆ. ಬೇರೆ ಜಾಗವಿರಲಿಲ್ಲ, ಅಷ್ಟೇ. ಇದರಲ್ಲೂ ಏನಾದರೂ ಉಪಾಯ ಹುಡುಕಬೇಡಿ.

"ಚುಚ್ಚಿ... ನೂಲು ಸುತ್ತಿ... ಎಳೀರಿ... ಅಯ್ಯೋ, ಅಷ್ಟು ಬಿಗಿ ಅಲ್ಲ!" ಅಂತ ಅವಳು ಹೇಳುತ್ತಿದ್ದಳು. ನಾನು ಬೆವರುತ್ತಿದ್ದೆ. ನಡುವೆ ಒಮ್ಮೆ ತಲೆಯೆತ್ತಿ ನೋಡುತ್ತೇನೆ, ಅವಳ ಎಡಗೈ ಗಾಳಿಯಲ್ಲಿ ಆಡುತ್ತಿದೆ. ನನ್ನ ಬಲಗೈ ಏನು ಮಾಡುತ್ತಿದೆಯೋ ಎದುರಿನಲ್ಲಿ ಅವಳ ಎಡಗೈ ಅದನ್ನೇ ಮಾಡುತ್ತಿದೆ. ಚುಚ್ಚುತ್ತಿದೆ, ಸುತ್ತುತ್ತಿದೆ, ಎಳೆಯುತ್ತಿದೆ. ಅದೂ ನನಗಿಂತ ಚೆನ್ನಾಗಿ. ಕನ್ನಡಿಯ ಎದುರು ಕುಳಿತರೆ ಹೇಗಿರುತ್ತದೆಯೋ ಹಾಗೆ. ಇಷ್ಟು ಕಾಲ ಜನರಿಗೆ ಕನ್ನಡಿ ತೋರಿಸಿಕೊಂಡು ಬಂದವನು, ಅವತ್ತು ಅದರ ಜಾಗದಲ್ಲಿ ನಾನೇ ಕೂತುಬಿಟ್ಟಿದ್ದೆ. ಅವಳಿಗೆ ತನ್ನ ಕೈ ಆಡುತ್ತಿರುವುದೇ ತಿಳಿದಿರಲಿಲ್ಲ.

ಆಗ ನಾನು ಮಾಡಿದ ಕೆಲಸವೊಂದಕ್ಕೆ ಬೇಕಾದರೆ ನೀವು ನನ್ನನ್ನು ಸನ್ಮಾನಿಸಬಹುದು. ಬಾಯಿ ಮುಚ್ಚಿಕೊಂಡು ಕೂತೆ. ಹುಟ್ಟಿದಾಗಿನಿಂದ ಮೊದಲ ಸಲ. ಗಿರಾಕಿಯೊಬ್ಬರು ಬಾಗಿಲು ತೆಗೆದರು, ನನ್ನ ಮುಖ ನೋಡಿ ಹಾಗೇ ಹಿಂದಕ್ಕೆ ಹೋದರು. ಕುರ್ಚಿ ಮೆಲ್ಲಗೆ ಇಳಿಯುತ್ತ ಇಳಿಯುತ್ತ ಅವಳ ಗಲ್ಲ ಮೊಣಕಾಲಿಗೆ ಬಂದಿತ್ತು, ನಾನು ಎತ್ತಲಿಲ್ಲ. ಕೊನೆಗೆ ಅವಳೇ, "ಆ ಕಡ್ಡಿ ಕೊಡಿ ಇಲ್ಲಿ. ನಿಮ್ಮ ಕೈಲಾಗಲ್ಲ" ಅಂದಳು. ಎಡಗೈ ಚಾಚಿದಳು.

ಎಡಗೈಯ ಮೊದಲ ಕೆಲಸ, ನಾನು ಮಾಡಿದ ತೂತು ಮುಚ್ಚಿದ್ದು. ಮುಟ್ಟಿ ನೋಡಿದರೆ ಅಲ್ಲೊಂದು ಗುಳ್ಳೆಯಂತೆ ಉಬ್ಬಿದೆ. ಮೊದಮೊದಲ ಸಾಲುಗಳು ಕೋಳಿ ಕೆದರಿದ ಹಾಗಿವೆ. ಆಮೇಲೆ ನೇರವಾಗುತ್ತ, ಅಗಲವಾಗುತ್ತ ಬಂದವು. ಹಾಗಾಗಿ, ಮೇಜಿನ ಮೇಲಿರುವ ಈ ಶಾಲಿನ ಎರಡು ತುದಿ ಅಗಲ, ನಡು ಮಾತ್ರ ಬಿಗಿದು ಕಟ್ಟಿದ ದಿಂಬಿನ ಹಾಗೆ. ಕಾರ್ಯದರ್ಶಿಗಳು ಇದನ್ನು ಆಗಲೇ ಕೊರಳಿಗೆ ಸುತ್ತಿಕೊಂಡು, "ನಡು ಕುತ್ತಿಗೆಗೆ ಎಷ್ಟು ಚೆನ್ನಾಗಿ ಕೂರುತ್ತೆ! ಎಂಥ ಹೊಸ ವಿನ್ಯಾಸ!" ಅಂದರು. ತಾಯೀ, ಅದು ವಿನ್ಯಾಸವಲ್ಲ. ಅದು ನಾನು.

ಇವತ್ತು ಬೆಳಿಗ್ಗೆ ಹೊರಡುವ ಹೊತ್ತಿಗೆ ಶಾಲಿಗೆ ಕೊನೆಯ ಸಾಲೊಂದು ಬಾಕಿಯಿತ್ತು. "ನಡಿ, ಹೋಗಿ ಹಾಕೋಣ" ಅಂದೆ.

"ನಾನು ಬರಲ್ಲ. ನೀವೇ ಹಾಕಿ."

"ಅದು ನಿನ್ನ ಸಾಲು ಕಣೇ."

"ಆ ಬಾಗಿಲು ದಾಟಿದ ಕೂಡಲೇ ಎಲ್ಲರೂ ಕೈ ನೋಡ್ತಾರೆ. ಪಾಪ ಅಂತಾರೆ. ಕಲಿಸಿದವಳು ಹೋಗಿ ಅವರ ಮುಂದೆ ಎಡಗೈಲಿ ಅ ಆ ಇ ಈ ತಿದ್ಲಾ? ಬೇಕಾದ್ರೆ ಹೊರಗಿನ ಬೆಂಚಿನವರೆಗೆ ಬರ್ತೀನಿ. ಒಳಗೆ ಮಾತ್ರ ಬರಲ್ಲ. ನಾನಿದೀನಿ ಅಂತ ಯಾರಿಗೂ ಹೇಳ್ಕೂಡದು."

ಅಷ್ಟು ಹೇಳಿ ಬಂದು, ಈಗ ಅಲ್ಲಿ ಕೂತು ನನ್ನ ಒಂದೊಂದು ಮಾತಿಗೂ ಹಲ್ಲು ಕಡಿಯುತ್ತ... ಅಯ್ಯೋ. ನೋಡಿದಿರಾ? ಹೇಳಬಾರದಿತ್ತು. ಯಾರೂ ತಿರುಗಬೇಡಿ! ನಿಮ್ಮ ಕಾಲಿಗೆ ಬೀಳುತ್ತೇನೆ, ಯಾರೂ ಹಿಂದೆ ತಿರುಗಿ ನೋಡಬೇಡಿ. ಮುಂದೆ, ನನ್ನ ಕಡೆ ನೋಡಿ. ಹಾಗೆ. ಮುಖ್ಯ ಅತಿಥಿಗಳೇ, ನೀವೂ.

ಹೋಗಲಿ, ಬಾಯಿ ತಪ್ಪಿ ಆಯಿತು. ಹೇಳಿದ್ದಾಯಿತಲ್ಲ, ಪೂರ್ತಿ ಹೇಳಿಬಿಡುತ್ತೇನೆ. ಅವಳಿಲ್ಲದೆ ಈ ಸಾಲನ್ನು ಹಾಕಲು ನನಗೆ ಮನಸ್ಸಿಲ್ಲ. ಮನೆಗೆ ಮಾತು ಬಂದಿದೆ, ನಗು ಬಂದಿದೆ, ಬೈಗುಳವಂತೂ ಬಡ್ಡಿ ಸಮೇತ ಬಂದಿದೆ. ಆದರೆ ಪ್ರತಿ ಸಲ ಈ ಮೆಟ್ಟಿಲಿನ ಮುಂದೆ ಹಾಯುವಾಗ ಅವಳು ಮುಖವನ್ನು ಔಷಧಿ ಅಂಗಡಿಯ ಕಡೆ ತಿರುಗಿಸಿಕೊಳ್ಳುತ್ತಾಳೆ. ಅವಳ ಜಾಗ ಇದು. ಆದರೆ ಪದ್ಧತಿ ಪದ್ಧತಿಯೇ. ಅಪ್ಪಣೆಯಾಗಿದೆ, ಹಾಕುತ್ತೇನೆ.

ಅಧ್ಯಕ್ಷರೇ, ಈ ಮೈಕನ್ನು ಸ್ವಲ್ಪ ಬಗ್ಗಿಸುತ್ತೀರಾ? ಎರಡು ಕೈಯೂ ಬೇಕು. ಹಾಂ. ಹೊರಗಿನವರಿಗೂ ಕೇಳಿಸುವ ಹಾಗಿರಲಿ. ಇಗೋ, ಚುಚ್ಚಿದೆ. ಸುತ್ತಿದೆ. ಎಳೆದೆ. ಚುಚ್ಚಿದೆ. ಸುತ್ತಿದೆ. ಎಳೆದೆ. ನಗಬೇಡಿ, ಲೆಕ್ಕ ತಪ್ಪುತ್ತದೆ. ಇನ್ನೇನು ತುದಿ ಬಂದೇಬಿಟ್ಟಿತು. ಹೊಸದಾಗಿ ಸೇರಿದವರು ಕಲಿತುಕೊಳ್ಳಲಿ ಎಂದು ಗಟ್ಟಿಯಾಗಿ ಹೇಳುತ್ತೇನೆ, ಗಮನವಿಟ್ಟು ಕೇಳಿ. ಜೂಲು ನೂಲಿನಲ್ಲಿ ತುದಿಗೆ ಬಂದಾಗ ಮುಟ್ಟಿ ನೋಡುವ ಅಗತ್ಯವೇ ಇಲ್ಲ. ಹೆಬ್ಬೆರಳೂ ಬೇಡ, ಗಿಬ್ಬೆರಳೂ ಬೇಡ. ಕಣ್ಣಿಗೆ ಕಾಣಲಿಲ್ಲ ಅಂದರೆ ಅಲ್ಲಿ ಕುಣಿಕೆ ಇಲ್ಲ ಅಂತಲೇ ಅರ್ಥ. ಹೀಗೆ ಕಡ್ಡಿ ಹೊರಗೆ ತೆಗೆದುಬಿಡುವುದು, ನನ್ನ ಜೇಬಿನ ಈ ಕತ್ತರಿ ತೆಗೆದುಕೊಳ್ಳುವುದು, ನೂಲು ಹಿಡಿದು ಚಕ್ ಅಂತ...

ಏನು? ಯಾರದು ಕೂಗಿದ್ದು?

ಸಭಿಕರೇ, ಈಗ ತಿರುಗಿ ನೋಡಬಹುದು.

ಏನಂದೆ? ಅಷ್ಟು ದೂರದಿಂದ ಕೇಳಿಸಲ್ಲ ಕಣೇ, ಇಲ್ಲಿಗೇ ಬಂದು ಹೇಳು. ಹೂಂ, ಬಿಟ್ಟಿದೀನಿ. ಕೊನೇದೇ ಬಿಟ್ಟಿದೀನಿ. ಬಂದು ತೋರಿಸು ಮತ್ತೆ, ನನ್ನ ಕೈಲಾಗಲ್ಲ ಅಂತ ನೀನೇ ಹೇಳಿದೀಯಲ್ಲ.

ಬರುತ್ತಿದ್ದಾಳೆ. ದಾರಿ ಬಿಡಿ, ಸ್ವಲ್ಪ ಕುರ್ಚಿ ಸರಿಸಿ. ಯಾರೂ ಕೈ ಹಿಡಿಯಲು ಹೋಗಬೇಡಿ, ಕಾಲಿಗೇನೂ ಆಗಿಲ್ಲ. ಆ ಮುಖ ನೋಡಿದರೆ 'ಪಾಪ' ಅನ್ನಬೇಕಾಗಿರುವುದು ನನಗೆ.

ಅವಳು ವೇದಿಕೆ ಹತ್ತುವಷ್ಟರಲ್ಲಿ ಮುಗಿಸಿಬಿಡುತ್ತೇನೆ. ಅಧ್ಯಕ್ಷರೇ, ಈತ ಬೇಕೆಂದೇ ತಪ್ಪು ಮಾಡಿದ ಅಂದಿರಿ. ಅಲ್ಲ ಎಂದು ಇಷ್ಟು ಹೊತ್ತು ವಾದಿಸಿದೆ, ಅದೆಲ್ಲ ನಿಜ. ಇದೊಂದನ್ನು ಮಾತ್ರ ಬೇಕೆಂದೇ ಮಾಡಿದೆ. ಅವಳಿಗೆ ಹೇಳಬೇಡಿ.

ಕರೆದು ಮಾತಾಡಿಸಿದ ಬಳಗಕ್ಕೆ, ಕೇಳಿಯೂ ಎದ್ದುಹೋಗದ ನಿಮಗೆ, ಬಾಗಿಲು ತೆರೆದಿಟ್ಟ ಆ ತಾಯಿಗೆ ನನ್ನ ವಂದನೆಗಳು. ಮೈಕನ್ನು ಇನ್ನೊಂದಿಷ್ಟು ಎಡಕ್ಕೆ ಸರಿಸುತ್ತಿದ್ದೇನೆ, ಅವಳ ಕೈ ಈಗ ಆ ಕಡೆಯದು. ಕತ್ತರಿಯನ್ನು ಮಾತ್ರ ನಾನೇ ಹಿಡಿದುಕೊಂಡು ಇಲ್ಲೇ ಪಕ್ಕದಲ್ಲಿ ನಿಂತಿರುತ್ತೇನೆ. ಕೊನೆಯಲ್ಲಿ ನೂಲು ಕತ್ತರಿಸುವ ಕೆಲಸವನ್ನಾದರೂ ನನ್ನನ್ನು ನಂಬಿ ಕೊಡುತ್ತಾಳೋ ಏನೋ, ನೋಡೋಣ.

ಎಲ್ಲರಿಗೂ ನಮಸ್ಕಾರ.